ಉಣ್ಣೆಗೂ ಒಂದು ಲಸಿಕೆ: ವಿಲಾಡ್ಸೆನ್ ಅವರ ಸಂಶೋಧನೆ ಮತ್ತು ನಮ್ಮ ಕೊಟ್ಟಿಗೆ

(ಒಕ್ಕೂಟದ ವತಿಯಿಂದ ನಡೆದ ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಉಪನ್ಯಾಸದ ಬರಹರೂಪ)



ಇವತ್ತಿನ ನನ್ನ ಮಾತು ಒಬ್ಬ ಸದಸ್ಯೆಯ ಪ್ರಶ್ನೆಗೆ ಉತ್ತರ. ಆ ಉತ್ತರವನ್ನು ನಾನು ಅಂದೇ ಕೊಡಬೇಕಾಗಿತ್ತು, ಕೊಡಲಿಲ್ಲ. ಆದ್ದರಿಂದ ಇದು ಬಾಕಿ ಉಳಿದ ಉತ್ತರ ಎಂದೇ ತಿಳಿಯಿರಿ.

ಅವರು ಸಾಲ ಮಾಡಿ ಒಂದು ಎಚ್.ಎಫ್. ಮಿಶ್ರತಳಿ ಹಸು ತಂದಿದ್ದರು. ಹಸು ಕರು ಹಾಕಿ ಹನ್ನೆರಡು ದಿನವಾಗಿತ್ತು. ಜ್ವರ ಬಂತು, ಮೇವು ಬಿಟ್ಟಿತು, ಹಾಲು ಇಳಿಯಿತು. ಬಾಣಂತನದ ಕಾವು ಇರಬಹುದು, ತಾನಾಗಿ ಇಳಿಯುತ್ತದೆ ಎಂದು ನಾಲ್ಕು ದಿನ ಕಾದರು. ನನಗೆ ಕರೆ ಬಂದು ನಾನು ಹೋಗುವ ಹೊತ್ತಿಗೆ ಹೆಗಲ ಮುಂದಿನ ಗಂಟು ನಿಂಬೆಹಣ್ಣಿಗಿಂತ ದೊಡ್ಡದಾಗಿ ಊದಿತ್ತು, ವಸಡು ಬಿಳಿಚಿತ್ತು, ಉಸಿರಾಟ ಜೋರಾಗಿತ್ತು. ಕಿವಿಯ ಒಳಗೆ, ಕೆಚ್ಚಲ ಸಂದಿನಲ್ಲಿ, ಬಾಲದ ಬುಡದಲ್ಲಿ ಉಣ್ಣೆ. ರೋಗ ಥೈಲೇರಿಯಾ. ಔಷಧ ಕೊಟ್ಟೆ, ಆದರೆ ಕೊಟ್ಟದ್ದು ತಡವಾಗಿ. ಮಾರನೆಯ ದಿನ ಹಸು ಸತ್ತಿತು.

ಆಗ ಆಕೆ ಕೇಳಿದ್ದು ಇಷ್ಟೇ: "ಡಾಕ್ಟ್ರೇ, ಕಾಲುಬಾಯಿ ರೋಗಕ್ಕೆ ಚುಚ್ಚುಮದ್ದು ಹಾಕಿಸಿದ್ದೆ, ಗಂಟಲುಬೇನೆಗೆ ಹಾಕಿಸಿದ್ದೆ, ಚಪ್ಪೆರೋಗಕ್ಕೂ ಹಾಕಿಸಿದ್ದೆ. ಈ ಹಾಳು ಉಣ್ಣೆಗೆ ಒಂದು ಚುಚ್ಚುಮದ್ದು ಯಾಕೆ ಇಲ್ಲ?"

"ಇಲ್ಲಮ್ಮ" ಎಂದು ಹೇಳಿ ಚೀಲ ಎತ್ತಿಕೊಂಡು ಬಂದುಬಿಟ್ಟೆ. ಅದು ಪೂರ್ತಿ ನಿಜವಾಗಿರಲಿಲ್ಲ. ಉಣ್ಣೆಗೆ ಲಸಿಕೆ ಇದೆ. ಅದನ್ನು ಕಂಡುಹಿಡಿದು ದಶಕಗಳೇ ಆದವು. ಹಾಗಿದ್ದ ಮೇಲೆ ಅದು ನಮ್ಮ ಊರಿಗೆ ಏಕೆ ಬರಲಿಲ್ಲ, ಬರುವವರೆಗೆ ನಾವೇನು ಮಾಡಬೇಕು ಎಂಬುದನ್ನು ಕೊಂಚ ವಿವರವಾಗಿ ನೋಡೋಣ.

ಉಣ್ಣೆ ಕುಡಿಯುವುದು ರಕ್ತ, ಕಳೆಯುವುದು ಹಾಲು

ಕೆಚ್ಚಲಲ್ಲೇ ಕೂತಿದ್ದರೂ ಉಣ್ಣೆಗೆ ಬೇಕಾದದ್ದು ರಕ್ತವೇ ಹೊರತು ಹಾಲಲ್ಲ ಎಂದು ಹಿರಿಯರು ಹೇಳುವುದುಂಟು. ಆದರೆ ರಕ್ತದ ಲೆಕ್ಕ ಕೊನೆಗೆ ಹಾಲಿನ ಲೆಕ್ಕಕ್ಕೇ ಬಂದು ಸೇರುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯದಲ್ಲಿ ಎಚ್.ಎಫ್. ಹಸುಗಳ ಮೇಲೆ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ರಕ್ತ ಕುಡಿದು ಉಬ್ಬುವ ಒಂದೊಂದು ಹೆಣ್ಣು ಉಣ್ಣೆಯಿಂದ ದಿನಕ್ಕೆ 8.9 ಮಿಲಿಲೀಟರ್ ಹಾಲು ಮತ್ತು 1 ಗ್ರಾಂ ದೇಹತೂಕ ನಷ್ಟವಾಗುತ್ತದೆ. ಮೈಮೇಲೆ ಅಂಥ 50 ಉಣ್ಣೆ ಇದ್ದರೆ ದಿನಕ್ಕೆ 445 ಮಿಲಿಲೀಟರ್. ತಿಂಗಳಿಗೆ 13 ಲೀಟರಿಗೂ ಮೇಲೆ. ಸಂಘದಲ್ಲಿ ನಿಮಗೆ ಸಿಗುವ ದರದಿಂದ ಇದನ್ನು ಗುಣಿಸಿ ನೋಡಿ. ರೋಗ ಬರದೇ ಇದ್ದರೂ ಆಗುವ ನಷ್ಟ ಇದು.

ರೋಗದ ಮಾತು ಬೇರೆ. ನಮ್ಮ ಕೊಟ್ಟಿಗೆಗಳಲ್ಲಿ ಮುಖ್ಯವಾಗಿ ಎರಡು ಜಾತಿಯ ಉಣ್ಣೆಗಳನ್ನು ಗುರುತಿಸಿಕೊಳ್ಳಬೇಕು. ಒಂದು ರೈಪಿಸೆಫಾಲಸ್ ಮೈಕ್ರೋಪ್ಲಸ್. ಇದನ್ನು ಹಿಂದೆ ಬೂಫಿಲಸ್ ಮೈಕ್ರೋಪ್ಲಸ್ ಎನ್ನುತ್ತಿದ್ದರು. ಇದು ಮರಿಯಾಗಿ ಹಸುವಿನ ಮೈಗೆ ಹತ್ತಿದರೆ ಸುಮಾರು ಮೂರು ವಾರ ಅಲ್ಲೇ ಬೆಳೆದು, ಹೊಟ್ಟೆ ತುಂಬಿದ ಮೇಲೆ ಕೆಳಗೆ ಬಿದ್ದು, ಎರಡು ಮೂರು ಸಾವಿರ ಮೊಟ್ಟೆಯಿಟ್ಟು ಸಾಯುತ್ತದೆ. ಬೆಬೆಸಿಯಾ ಅಂದರೆ ಕಾಫಿ ಬಣ್ಣದ ಮೂತ್ರ ಬರುವ ರೋಗವನ್ನು ಹರಡುವುದು ಇದು. ಇನ್ನೊಂದು ಹಯಲೋಮಾ. ಇದು ಮೈಮೇಲೆ ಸ್ವಲ್ಪ ಕಾಲ, ಗೋಡೆಯ ಬಿರುಕಿನಲ್ಲಿ ಸ್ವಲ್ಪ ಕಾಲ ಇದ್ದು ಬೆಳೆಯುತ್ತದೆ. ಥೈಲೇರಿಯಾ ರೋಗಾಣುವನ್ನು ಹೊತ್ತು ತರುವುದು ಹಯಲೋಮಾ. ಹಳ್ಳಿಕಾರ್, ಅಮೃತಮಹಲ್, ಮಲೆನಾಡು ಗಿಡ್ಡದಂಥ ನಾಟಿ ರಾಸುಗಳು ಉಣ್ಣೆಯನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತವೆ. ಎಚ್.ಎಫ್., ಜರ್ಸಿ ರಕ್ತ ಹೆಚ್ಚಾದಂತೆ ಆ ಶಕ್ತಿ ಕಡಿಮೆ. ಹಾಲು ಹೆಚ್ಚಿಸಿಕೊಂಡ ನಮಗೆ ಉಣ್ಣೆಯ ಕಾಟವೂ ಅದರ ಜೊತೆಗೇ ಬಂತು.

ಔಷಧಕ್ಕೆ ಬಗ್ಗದ ಉಣ್ಣೆ

ಉಣ್ಣೆಯಿಂದ ದನಗಳಿಗೆ ರೋಗ ಹರಡುತ್ತದೆ ಎಂದು ಮೊದಲು ಸಾಧಿಸಿ ತೋರಿಸಿದವರು ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್. ಅವರ ವರದಿ ಬಂದದ್ದು 1893ರಲ್ಲಿ. ಅಲ್ಲಿಂದ ಮುಂದೆ ಉಣ್ಣೆ ಕೊಲ್ಲುವ ಔಷಧಗಳ ಕಾಲ. ಆಸ್ಟ್ರೇಲಿಯಾಕ್ಕೆ ಈ ಉಣ್ಣೆ ಹೊರಗಿನಿಂದ ಬಂದದ್ದು. 1872ರಲ್ಲಿ ಡಾರ್ವಿನ್ ಬಂದರಿಗೆ ಬಟೇವಿಯಾದಿಂದ, ಅಂದರೆ ಇಂದಿನ ಇಂಡೋನೇಷ್ಯಾದಿಂದ, ತಂದ ದನಗಳ ಜೊತೆಗೆ ಬಂದು ಉತ್ತರ ಭಾಗವನ್ನೆಲ್ಲ ಹಬ್ಬಿತು. ಅಲ್ಲಿನ ರೈತರು ದೊಡ್ಡ ತೊಟ್ಟಿಗಳಲ್ಲಿ ಔಷಧದ ನೀರು ತುಂಬಿ ದನಗಳನ್ನು ಮುಳುಗಿಸಿ ಹೊರಡಿಸುತ್ತಿದ್ದರು. ಮೊದಲು ಪಾಷಾಣ ಬಳಸಿದರು. 1930ರ ದಶಕದಲ್ಲಿ ಪಾಷಾಣಕ್ಕೂ ಸಾಯದ ಉಣ್ಣೆಗಳು ಕಾಣಿಸಿದವು. ಡಿ.ಡಿ.ಟಿ. ಬಂತು, ಅದೂ ಸೋತಿತು. ಆಮೇಲೆ ಬಂದ ಔಷಧಗಳ ಕಥೆಯೂ ಹೀಗೆಯೇ.

ಇದು ಹೇಗಾಗುತ್ತದೆ? ಸಾವಿರ ಉಣ್ಣೆಯಲ್ಲಿ ಹತ್ತು ಗಟ್ಟಿ ಇರುತ್ತವೆ. ಔಷಧ ಹೊಡೆದಾಗ ಮೆದುವಾದವು ಸಾಯುತ್ತವೆ, ಗಟ್ಟಿಯವು ಉಳಿಯುತ್ತವೆ. ಮುಂದಿನ ಸಂತಾನವೆಲ್ಲ ಆ ಗಟ್ಟಿ ಉಣ್ಣೆಗಳದ್ದೇ. ಔಷಧವನ್ನು ತೆಳುವಾಗಿ ಕಲಸಿದರೆ ಗಟ್ಟಿಯವುಗಳಿಗೆ ಇನ್ನಷ್ಟು ಅನುಕೂಲ. ನಮ್ಮ ದೇಶದಲ್ಲೂ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್‌ಗಳಿಗೆ ಬಗ್ಗದ ಉಣ್ಣೆಗಳು ಹಲವು ಕಡೆ ದಾಖಲಾಗಿವೆ. "ಔಷಧ ಡೂಪ್ಲಿಕೇಟು ಸಾರ್" ಎಂದು ನೀವು ಅಂಗಡಿಯವನನ್ನು ಬೈಯುತ್ತೀರಿ. ಒಮ್ಮೊಮ್ಮೆ ಔಷಧ ಸರಿಯಾಗೇ ಇರುತ್ತದೆ, ಉಣ್ಣೆ ಬದಲಾಗಿರುತ್ತದೆ.

ವಿಲಾಡ್ಸೆನ್ ಹಿಡಿದ ದಾರಿ

ಮೈಮೇಲೆ ವಿಷ ಹೊಡೆಯುವ ಬದಲು ಹಸುವಿನ ರಕ್ತದಲ್ಲೇ ಉಣ್ಣೆಗೆ ಮದ್ದು ಇಡಲು ಸಾಧ್ಯವೇ? ಈ ಪ್ರಶ್ನೆ ಹಳೆಯದು. 1939ರಲ್ಲಿ ಟ್ರೇಗರ್ ಎಂಬ ವಿಜ್ಞಾನಿ ಒಂದು ಸಂಗತಿ ಗಮನಿಸಿದರು. ಒಮ್ಮೆ ಉಣ್ಣೆ ಕಚ್ಚಿಸಿಕೊಂಡ ಗಿನಿಯಿಲಿಗಳ ಮೇಲೆ ಎರಡನೆಯ ಸಲ ಬಿಟ್ಟ ಉಣ್ಣೆಗಳು ಚೆನ್ನಾಗಿ ಬೆಳೆಯಲಿಲ್ಲ. ಅಂದರೆ ಪ್ರಾಣಿಯ ದೇಹ ಉಣ್ಣೆಯ ವಿರುದ್ಧವೂ ಪಾಠ ಕಲಿಯುತ್ತದೆ. 1979ರಲ್ಲಿ ಆಲೆನ್ ಮತ್ತು ಹಂಫ್ರೀಸ್ ಎಂಬವರು ಉಣ್ಣೆಯ ಒಳ ಅಂಗಗಳ ಸಾರವನ್ನೇ ಚುಚ್ಚುಮದ್ದಾಗಿ ಕೊಟ್ಟು ಗಿನಿಯಿಲಿ ಮತ್ತು ದನಗಳಲ್ಲಿ ಪರಿಣಾಮ ತೋರಿಸಿದರು.

ಇದನ್ನು ನಿಜವಾದ ಲಸಿಕೆಯ ಮಟ್ಟಕ್ಕೆ ತಂದವರು ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ.ಎಸ್.ಐ.ಆರ್.ಒ.ದ ಜೀವರಸಾಯನ ವಿಜ್ಞಾನಿ ಪೀಟರ್ ವಿಲಾಡ್ಸೆನ್ ಮತ್ತು ಅವರ ಸಂಗಡಿಗರು. 1986ರಲ್ಲಿ ಆ ಸಂಸ್ಥೆಯ ಜಾನ್ಸ್‌ಟನ್, ಕೆಂಪ್ ಮತ್ತು ಪಿಯರ್ಸನ್ ಅರ್ಧ ರಕ್ತ ಕುಡಿದ ಉಣ್ಣೆಗಳ ಸಾರದಿಂದ ದನಗಳಿಗೆ ಚುಚ್ಚುಮದ್ದು ಕೊಟ್ಟು ಪರೀಕ್ಷೆ ನಡೆಸಿದರು. ಆ ದನಗಳಿಗೆ ಅಂಟಿದ ಉಣ್ಣೆಗಳು ಕೆಂಪಗಾದವು. ಸಾಮಾನ್ಯವಾಗಿ ಉಣ್ಣೆ ಕುಡಿದ ರಕ್ತ ಅದರ ಕರುಳಿನೊಳಗೇ ಉಳಿಯುತ್ತದೆ. ಇಲ್ಲಿ ಕರುಳು ಒಡೆದು ರಕ್ತ ಉಣ್ಣೆಯ ಮೈಯೊಳಗೆಲ್ಲ ಸೋರಿತ್ತು. ಕಾರಣ, ಉಣ್ಣೆಯ ಕರುಳಿನ ವಿರುದ್ಧ ಹಸು ತಯಾರಿಸಿದ ಪ್ರತಿಕಾಯಗಳು. ಉಣ್ಣೆ ಆ ಪ್ರತಿಕಾಯಗಳನ್ನು ರಕ್ತದ ಜೊತೆಗೆ ತಾನೇ ಕುಡಿದಿತ್ತು. ಉಂಡ ಮನೆಗೆ ಎರಡು ಬಗೆಯುವ ಉಣ್ಣೆಗೆ ಉಂಡದ್ದೇ ಮುಳುವಾಯಿತು.

ಆದರೆ ಉಣ್ಣೆಗಳನ್ನು ಅರೆದು ಲಸಿಕೆ ಮಾಡುತ್ತಾ ಕೂರಲು ಆಗುವುದಿಲ್ಲ. ಆ ಸಾರದಲ್ಲಿ ನೂರಾರು ಬಗೆಯ ಪ್ರೋಟೀನುಗಳಿರುತ್ತವೆ. ಅವುಗಳಲ್ಲಿ ಕೆಲಸ ಮಾಡುವುದು ಯಾವುದು? ವಿಲಾಡ್ಸೆನ್ ತಂಡ ಸಾರವನ್ನು ಭಾಗಗಳಾಗಿ ಬೇರ್ಪಡಿಸುವುದು, ಒಂದೊಂದು ಭಾಗವನ್ನೂ ದನಕ್ಕೆ ಕೊಟ್ಟು ನೋಡುವುದು, ಫಲ ಕೊಟ್ಟ ಭಾಗವನ್ನು ಮತ್ತೆ ಬೇರ್ಪಡಿಸುವುದು, ಹೀಗೆ ಮೊರದಲ್ಲಿ ಕೇರಿದಂತೆ ಕೇರುತ್ತಾ ಹೋಯಿತು. ಕೊನೆಗೆ ಕೈಗೆ ಸಿಕ್ಕಿದ್ದು ಕರುಳಿನ ಕೋಶಗಳ ಹೊರಪದರದಲ್ಲಿ ಬಲು ಅಲ್ಪ ಪ್ರಮಾಣದಲ್ಲಿ ಇರುವ ಒಂದು ಪ್ರೋಟೀನು. ಅದಕ್ಕೆ ಬಿಎಂ 86 ಎಂದು ಹೆಸರಿಟ್ಟರು. ಬಿಎಂ ಎಂದರೆ ಬೂಫಿಲಸ್ ಮೈಕ್ರೋಪ್ಲಸ್. ಈ ಫಲಿತಾಂಶ 1989ರಲ್ಲಿ ಪ್ರಕಟವಾಯಿತು. ಅದೇ ವರ್ಷ ಆ ಪ್ರೋಟೀನಿನ ವಂಶವಾಹಿಯನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಉಣ್ಣೆಯ ಹಂಗಿಲ್ಲದೆ ಪ್ರೋಟೀನು ತಯಾರಿಸಬಹುದೆಂದೂ ತೋರಿಸಲಾಯಿತು. 1994ರಲ್ಲಿ ಟಿಕ್‌ಗಾರ್ಡ್ ಎಂಬ ಹೆಸರಿನಲ್ಲಿ ಲಸಿಕೆ ಆಸ್ಟ್ರೇಲಿಯಾದ ಮಾರುಕಟ್ಟೆಗೆ ಬಂತು.

ಇದೇ ಹೊತ್ತಿಗೆ ಕ್ಯೂಬಾ ದೇಶದ ಹವಾನಾದಲ್ಲಿ ಹೊಸೆ ಡಿ ಲಾ ಫುಯೆಂಟೆ ಅವರ ತಂಡ ಅದೇ ಬಿಎಂ 86 ಪ್ರೋಟೀನನ್ನು ಒಂದು ಬಗೆಯ ಯೀಸ್ಟಿನಲ್ಲಿ ಬೆಳೆಸಿ ಗವಾಕ್ ಎಂಬ ಲಸಿಕೆ ತಯಾರಿಸಿತು. ಅಲ್ಲಿ 2,60,000ಕ್ಕೂ ಹೆಚ್ಚು ರಾಸುಗಳಲ್ಲಿ ಲಸಿಕೆ ಬಳಸಿದ ವಿವರ 1998ರಲ್ಲಿ ಪ್ರಕಟವಾಗಿದೆ. ಔಷಧ ಹೊಡೆಯಬೇಕಾದ ಸಲಗಳು ಶೇಕಡಾ 60ರಷ್ಟು ಕಡಿಮೆಯಾದವು. ಬೆಬೆಸಿಯಾ ರೋಗವೂ ಹತೋಟಿಗೆ ಬಂತು. ಇಲ್ಲಿ ಒಂದು ಮಾತು ಗಮನಿಸಿ. ಔಷಧ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ.

ಹಾಗಾದರೆ ನಮಗೇಕೆ ಸಿಗುತ್ತಿಲ್ಲ?

ಲಸಿಕೆ ಎಂದರೆ ನಮ್ಮ ಮನಸ್ಸಿಗೆ ಬರುವುದು ಒಂದು ಸೂಜಿ, ಆಮೇಲೆ ನಿಶ್ಚಿಂತೆ. ಈ ಲಸಿಕೆ ಹಾಗಲ್ಲ. ಇದರ ಮಿತಿಗಳನ್ನು ವಿಲಾಡ್ಸೆನ್ ಅವರೂ ಮುಚ್ಚಿಟ್ಟವರಲ್ಲ.

ಮೊದಲನೆಯದಾಗಿ, ಇದು ಹಸುವಿನ ಮೈಮೇಲಿನ ಉಣ್ಣೆಗಳನ್ನು ಎರಡು ದಿನದಲ್ಲಿ ಉದುರಿಸುವುದಿಲ್ಲ. ರಕ್ತ ಕುಡಿದ ಉಣ್ಣೆಗಳಲ್ಲಿ ಕೆಲವು ಸಾಯುತ್ತವೆ, ಉಳಿದವುಗಳ ತೂಕ ಕಡಿಮೆಯಾಗುತ್ತದೆ, ಇಡುವ ಮೊಟ್ಟೆ ಕಡಿಮೆಯಾಗುತ್ತದೆ. ಲಾಭ ಕಾಣುವುದು ಮುಂದಿನ ತಲೆಮಾರಿನ ಉಣ್ಣೆಗಳಲ್ಲಿ. ಬೆಳಿಗ್ಗೆ ಹೊಡೆದು ಸಂಜೆಗೆ ಉದುರಬೇಕು ಎನ್ನುವ ರೈತನಿಗೆ ಅದು ಕೆಲಸ ಮಾಡಿದಂತೆಯೇ ತೋರುವುದಿಲ್ಲ.

ಎರಡನೆಯದು, ಬಿಎಂ 86 ಉಣ್ಣೆಯ ಹೊಟ್ಟೆಯೊಳಗೆ ಅಡಗಿರುವ ವಸ್ತು. ಉಣ್ಣೆ ಕಚ್ಚುವಾಗ ಅದು ಹಸುವಿನ ರಕ್ತಕ್ಕೆ ಸೇರುವುದಿಲ್ಲ. ಹೀಗಾಗಿ ಎಷ್ಟು ಉಣ್ಣೆ ಕಚ್ಚಿದರೂ ಹಸುವಿನ ದೇಹಕ್ಕೆ ಲಸಿಕೆಯ ಪಾಠ ನೆನಪಾಗುವುದಿಲ್ಲ. ನಾವೇ ಮತ್ತೆ ಮತ್ತೆ ಚುಚ್ಚುಮದ್ದು ಕೊಡಬೇಕು. ನೂರಾರು ದನಗಳಿರುವ ದೊಡ್ಡ ಫಾರಂಗಳಲ್ಲೇ ಇದು ಕಷ್ಟ, ಎರಡು ಹಸು ಇಟ್ಟುಕೊಂಡವರಿಗೆ ಇನ್ನೂ ಕಷ್ಟ.

ಮೂರನೆಯದು, ಉಣ್ಣೆಯ ಜಾತಿ ಬದಲಾದರೆ, ಒಂದೇ ಜಾತಿಯಲ್ಲೂ ಪ್ರದೇಶ ಬದಲಾದರೆ, ಲಸಿಕೆಯ ಫಲ ಬದಲಾಗುತ್ತದೆ. ಅರ್ಜೆಂಟೀನಾದ ಒಂದು ಬಗೆಯ ಉಣ್ಣೆಗೆ ಬಿಎಂ 86 ನಾಟಲೇ ಇಲ್ಲ. ಅದಕ್ಕಾಗಿ ಬಿಎಂ 95 ಎಂಬ ಇನ್ನೊಂದು ಪ್ರೋಟೀನನ್ನು ಹುಡುಕಬೇಕಾಯಿತು.

ಟಿಕ್‌ಗಾರ್ಡ್ ಈಗ ಆಸ್ಟ್ರೇಲಿಯಾದ ಮಾರುಕಟ್ಟೆಯಲ್ಲೇ ಇಲ್ಲ. ಹಾಗೆಂದು ವಿಲಾಡ್ಸೆನ್ ಅವರ ಕೆಲಸ ವ್ಯರ್ಥವಾಯಿತೆಂದು ತಿಳಿಯಬೇಡಿ. ರಕ್ತ ಹೀರುವ ಒಂದು ಜೀವಿಯನ್ನು ಲಸಿಕೆಯಿಂದ ಹತೋಟಿಗೆ ತರಬಹುದು ಎಂಬುದನ್ನು ಅವರು ಸಾಧಿಸಿ ತೋರಿಸಿದರು. ಇಂದು ಜಗತ್ತಿನಲ್ಲಿ ಉಣ್ಣೆ ಲಸಿಕೆಯ ಮೇಲೆ ದುಡಿಯುವವರೆಲ್ಲ ಆ ಬುನಾದಿಯ ಮೇಲೇ ಕಟ್ಟುತ್ತಿದ್ದಾರೆ. ಹಲವು ಜಾತಿಯ ಉಣ್ಣೆಗಳಲ್ಲಿರುವ ಸುಬೊಲೆಸಿನ್ ಎಂಬ ಪ್ರೋಟೀನನ್ನು ಡಿ ಲಾ ಫುಯೆಂಟೆ ಅವರ ತಂಡ 2003ರಲ್ಲಿ ಗುರುತಿಸಿತು. ಉಗಾಂಡಾ ದೇಶದಲ್ಲಿ ಅದರ ಲಸಿಕೆಯನ್ನು ದನಗಳ ಮೇಲೆ ಪರೀಕ್ಷಿಸಿದ್ದಾರೆ. ನಮ್ಮ ಇಜ್ಜತ್‌ನಗರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹಯಲೋಮಾ ಉಣ್ಣೆಯಲ್ಲಿ ಬಿಎಂ 86ನ್ನು ಹೋಲುವ ಪ್ರೋಟೀನಿನ ಮೇಲೂ ಕೆಲಸ ಮಾಡಿದ್ದಾರೆ. ಇವೆಲ್ಲ ಸಂಶೋಧನೆಯ ಹಂತದ ಮಾತು. ನಮ್ಮಲ್ಲಿ ಅಂಗಡಿಗೆ ಹೋಗಿ ಕೊಳ್ಳಬಹುದಾದ ಉಣ್ಣೆ ಲಸಿಕೆ ಇಲ್ಲ. ಯಾರಾದರೂ ಇದೆ ಎಂದು ಹೇಳಿ ಸೂಜಿ ಚುಚ್ಚಲು ಬಂದರೆ ಹಣ ಕೊಡಬೇಡಿ.

ಒಂದು ಗೊಂದಲ ಬೇಡ

ಥೈಲೇರಿಯಾ ಲಸಿಕೆ ಬೇರೆ, ಉಣ್ಣೆ ಲಸಿಕೆ ಬೇರೆ. ಥೈಲೇರಿಯಾ ಲಸಿಕೆ ನಮ್ಮ ದೇಶದಲ್ಲೇ ತಯಾರಾದದ್ದು. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಸ್ಥಾಪಿಸಿದ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆ ಇದನ್ನು ರಕ್ಷಾವ್ಯಾಕ್-ಟಿ ಎಂಬ ಹೆಸರಿನಲ್ಲಿ ತಯಾರಿಸಿತು. ಎರಡು ತಿಂಗಳು ದಾಟಿದ ಮಿಶ್ರತಳಿ ಕರುಗಳಿಗೆ ಕೊಡಬಹುದು. ಇದರಲ್ಲಿ ಜೀವಂತ ಕೋಶಗಳಿರುವುದರಿಂದ, ವೀರ್ಯದ ಕಡ್ಡಿಗಳನ್ನು ಇಡುವಂತೆಯೇ ದ್ರವ ಸಾರಜನಕದ ಕ್ಯಾನಿನಲ್ಲಿ ಇಡಬೇಕು. ಹಾಗಾಗಿ ಎಲ್ಲ ಕಡೆ, ಎಲ್ಲ ಕಾಲದಲ್ಲೂ ಇದು ಸುಲಭವಾಗಿ ಸಿಗುವುದಿಲ್ಲ. ನಿಮ್ಮ ಪಶುವೈದ್ಯರನ್ನು ವಿಚಾರಿಸಿ, ಹತ್ತಾರು ಸದಸ್ಯರು ಸೇರಿ ಸಂಘದ ಮೂಲಕ ಬೇಡಿಕೆ ಕೊಟ್ಟರೆ ತರಿಸುವುದು ಸುಲಭ.

ಆದರೆ ಈ ಲಸಿಕೆ ತಡೆಯುವುದು ಥೈಲೇರಿಯಾ ರೋಗವನ್ನು ಮಾತ್ರ. ಉಣ್ಣೆ ಎಂದಿನಂತೆ ಕಚ್ಚುತ್ತದೆ, ರಕ್ತ ಕುಡಿಯುತ್ತದೆ, ಬೆಬೆಸಿಯಾ, ಅನಾಪ್ಲಾಸ್ಮಾ ರೋಗಗಳನ್ನು ತರುತ್ತದೆ. ಲಸಿಕೆ ಹಾಕಿಸಿದ್ದೇನೆ ಎಂದು ಉಣ್ಣೆಯನ್ನು ಮರೆತವರು ಮತ್ತೆ ನಷ್ಟಕ್ಕೆ ಸಿಕ್ಕಿದ್ದಾರೆ.

ಲಸಿಕೆ ಬರುವವರೆಗೆ ನಮ್ಮ ಕೈಯಲ್ಲಿರುವುದು

1. ವಾರಕ್ಕೊಮ್ಮೆ ರಾಸಿನ ಮೈ ತಡವಿ ನೋಡಿ. ಕಿವಿಯ ಒಳಗೆ, ಗಂಗೆದೊಗಲು, ತೊಡೆ ಸಂದು, ಕೆಚ್ಚಲು, ಬಾಲದ ಬುಡ, ಈ ಐದು ಜಾಗ ತಪ್ಪಿಸಬೇಡಿ.

2. ಕಿತ್ತ ಉಣ್ಣೆಯನ್ನು ಬೆರಳಲ್ಲಿ ಹಿಸುಕಬೇಡಿ, ತಿಪ್ಪೆಗೂ ಎಸೆಯಬೇಡಿ. ಸೀಮೆಎಣ್ಣೆ ಇಲ್ಲವೇ ಸೋಪಿನ ನೀರು ಇರುವ ಡಬ್ಬಿಗೆ ಹಾಕಿ. ಹಯಲೋಮಾ ಉಣ್ಣೆಯಿಂದ ಮನುಷ್ಯರಿಗೂ ಕ್ರೈಮಿಯನ್ ಕಾಂಗೋ ಜ್ವರ ಎಂಬ ಮಾರಕ ರೋಗ ಬರಬಹುದು. ನಮ್ಮ ದೇಶದಲ್ಲಿ ಅದು 2011ರಲ್ಲಿ ಗುಜರಾತಿನಲ್ಲಿ ಮೊದಲು ದೃಢಪಟ್ಟಿತು. ಇನ್ನೊಂದು ಜಾತಿಯ ಉಣ್ಣೆಯಿಂದ ಬರುವ ಮಂಗನ ಕಾಯಿಲೆ 1957ರಿಂದ ನಮ್ಮ ಮಲೆನಾಡಿನವರಿಗೆ ಗೊತ್ತೇ ಇದೆ.

3. ಔಷಧವನ್ನು ಚೀಟಿಯಲ್ಲಿ ಹೇಳಿದ ಅಳತೆಗೇ ಕಲಸಿ. ಬಾಟಲಿ ಹೆಚ್ಚು ದಿನ ಬರಲೆಂದು ತೆಳು ಮಾಡಿದರೆ ಗಟ್ಟಿ ಉಣ್ಣೆಯನ್ನು ನೀವೇ ಸಾಕಿದಂತೆ. ಹಾಗೆಂದು ಹೆಚ್ಚು ಹಾಕಿದರೆ ರಾಸಿಗೆ ಅಪಾಯ.

4. ಹಾಲು ಕರೆದಾದ ಮೇಲೆ, ಹಸುವಿಗೆ ನೀರು ಕುಡಿಸಿ, ತಂಪು ಹೊತ್ತಿನಲ್ಲಿ ಹೊಡೆಯಿರಿ. ಬಾಯಾರಿದ ಹಸು ಮೈ ನೆಕ್ಕುತ್ತದೆ. ಮೈ ಪೂರ್ತಿ ತೊಯ್ಯಬೇಕು. ಗಾಯದ ಮೇಲೆ, ಕಣ್ಣು ಬಾಯಿಗೆ ಬೀಳಬಾರದು. ಮುಂದಿನ ಸಲ ಕರೆಯುವ ಮೊದಲು ಕೆಚ್ಚಲು ಚೆನ್ನಾಗಿ ತೊಳೆಯಿರಿ.

5. ಒಂದು ಹಸುವಿಗೆ ಹೊಡೆದು ಇನ್ನೊಂದನ್ನು ಬಿಡಬೇಡಿ. ಕರು, ಎತ್ತು, ಎಮ್ಮೆ ಎಲ್ಲಕ್ಕೂ ಒಂದೇ ದಿನ ಆಗಬೇಕು. ಅದೇ ದಿನ ಗೋಡೆಯ ಬಿರುಕು, ಗೊಂತಿನ ಸಂದು, ಕಂಬದ ಬುಡಕ್ಕೂ ಹೊಡೆಯಿರಿ. ಗೊಂತಿಗೆ ಹೊಡೆದಿದ್ದರೆ ಮೇವು ಹಾಕುವ ಮೊದಲು ತೊಳೆಯಿರಿ. ಆಮೇಲೆ ಬಿರುಕುಗಳನ್ನು ಮೆತ್ತಿ ಸುಣ್ಣ ಹೊಡೆಸಿ. ಹಯಲೋಮಾದ ಮನೆ ಗೋಡೆಯಲ್ಲಿದೆ.

6. ಒಮ್ಮೆ ಹೊಡೆದು ಸುಮ್ಮನಾಗಬೇಡಿ. ಬಿದ್ದ ಮೊಟ್ಟೆಗಳಿಂದ ಮರಿಗಳು ಮತ್ತೆ ಹತ್ತುತ್ತವೆ. ಪಶುವೈದ್ಯರು ಹೇಳಿದ ಅಂತರದಲ್ಲಿ ಮತ್ತೆ ಹೊಡೆಯಬೇಕು. ಸರಿಯಾಗಿ ಹೊಡೆದೂ ಉಣ್ಣೆ ಸಾಯದಿದ್ದರೆ ಔಷಧದ ಗುಂಪನ್ನೇ ಬದಲಿಸಬೇಕು, ಬರೀ ಬಾಟಲಿಯ ಹೆಸರನ್ನಲ್ಲ.

7. ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಹಾಲು ಕರೆಯುವ ಹಸುವಿಗೆ ಕೊಡಿಸಬೇಡಿ. ಅದು ಹಾಲಿಗೆ ಇಳಿಯುತ್ತದೆ. ಆ ಹಾಲು ಮೊದಲು ಹೋಗುವುದು ನಿಮ್ಮ ಮನೆಯ ಮಕ್ಕಳ ಲೋಟಕ್ಕೆ.

8. ಸಂತೆಯಿಂದ ತಂದ ರಾಸನ್ನು ನೇರವಾಗಿ ಕೊಟ್ಟಿಗೆಗೆ ಕಟ್ಟಬೇಡಿ. ಬೇರೆ ಕಟ್ಟಿ, ಉಣ್ಣೆ ತೆಗೆದು, ಆಮೇಲೆ ಒಳಗೆ ತನ್ನಿ.

9. ಜ್ವರ, ಗಂಟು ಊತ, ಬಿಳಿಚಿದ ಅಥವಾ ಹಳದಿ ವಸಡು, ಕಾಫಿ ಬಣ್ಣದ ಮೂತ್ರ, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಹೇಳಿ ಕಳಿಸಿ. ಥೈಲೇರಿಯಾಕ್ಕೆ ಒಳ್ಳೆಯ ಔಷಧವಿದೆ, ಆದರೆ ಅದು ಕೆಲಸ ಮಾಡುವುದು ಮೊದಲ ದಿನಗಳಲ್ಲಿ. ಕರು ಹಾಕುವ ಹಿಂದು ಮುಂದಿನ ದಿನಗಳಲ್ಲಿ ಹಸು ಸೊರಗಿರುವುದರಿಂದ ಇನ್ನೂ ಹೆಚ್ಚಿನ ಎಚ್ಚರ ಬೇಕು.

ಕೊನೆಯ ಒಂದು ಮಾತು. ಉಣ್ಣೆಗೆ ಊರೆಲ್ಲ ಒಂದೇ ಗೋಮಾಳ. ನೀವೊಬ್ಬರೇ ಹೊಡೆದರೆ ಪಕ್ಕದ ಮನೆಯ ಹಸುವಿನಿಂದ ಬಿದ್ದ ಉಣ್ಣೆಯ ಮರಿ ನಿಮ್ಮ ಹಸುವಿಗೆ ಹತ್ತುತ್ತದೆ. ಹಾಲು ಮಾರಲು ಸಂಘ ಕಟ್ಟಿಕೊಂಡ ನಮಗೆ ಉಣ್ಣೆಯ ವಿರುದ್ಧ ಒಂದು ದಿನ ಗೊತ್ತುಮಾಡಿಕೊಳ್ಳುವುದು ದೊಡ್ಡ ಕೆಲಸವಲ್ಲ. ಹಾಲು ಹಾಕುವ ಹೊತ್ತಿನಲ್ಲಿ ಕಾರ್ಯದರ್ಶಿಗಳು ದಿನಾಂಕವನ್ನು ಹಲಗೆಯ ಮೇಲೆ ಬರೆದರೆ ಸಾಕು.

ಆ ಸದಸ್ಯೆಯ ಮನೆಗೆ ಕಳೆದ ತಿಂಗಳು ಹೋಗಿದ್ದೆ. ಸತ್ತ ಹಸುವಿನ ಕರುವನ್ನು ಬೇರೆ ಹಸುವಿನ ಹಾಲು ಹಾಕಿ ಬದುಕಿಸಿಕೊಂಡಿದ್ದಾರೆ. ಈಗ ಅದು ಒಳ್ಳೆಯ ಪಡ್ಡೆ. ಗೋಡೆಗೆ ಹೊಸ ಸುಣ್ಣ, ಕ್ಯಾಲೆಂಡರಿನಲ್ಲಿ ಔಷಧ ಹೊಡೆದ ದಿನಗಳಿಗೆ ಪೆನ್ನಿನ ಗುರುತು. ಈಗ ನಿಮಗೆ ಹೇಳಿದ್ದನ್ನೆಲ್ಲ ಅವರ ಜಗಲಿಯ ಮೇಲೆ ಕೂತು ಹೇಳಿದೆ. ಕೇಳಿ, "ಹಂಗಾದ್ರೆ ಆ ಮದ್ದು ಬಂದ ದಿನ ಮೊದಲು ನಮ್ಮ ಮನೆಗೇ ಬರಬೇಕು ಡಾಕ್ಟ್ರೇ" ಎಂದರು. ಬರುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಅಲ್ಲಿಯವರೆಗೆ ಆ ಕ್ಯಾಲೆಂಡರಿನ ಗುರುತುಗಳು ನಿಮ್ಮ ಮನೆಯ ಗೋಡೆಯ ಮೇಲೂ ಬೀಳಲಿ.